ಕಿವಿಮಾತು ಕೇಳಬಾರದ ಹೊತ್ತು

1999ರ ಜುಲೈ 16, ಶುಕ್ರವಾರ. ಅಮೆರಿಕದ ನ್ಯೂಜೆರ್ಸಿಯ ಎಸೆಕ್ಸ್ ಕೌಂಟಿ ಅನ್ನೋ ಸಣ್ಣ ಏರ್‌ಪೋರ್ಟಿನಿಂದ ರಾತ್ರಿ 8 ಗಂಟೆ 38 ನಿಮಿಷಕ್ಕೆ ಒಂದು ಪುಟ್ಟ ವಿಮಾನ ಮೇಲೇರಿತು. ಒಂದೇ ಎಂಜಿನ್ನಿನ ಪೈಪರ್ ಸಾರಾಟೋಗ. ನಡೆಸುತ್ತಿದ್ದವನು ಜಾನ್ ಎಫ್. ಕೆನಡಿ ಜೂನಿಯರ್. ಅಧ್ಯಕ್ಷ ಕೆನಡಿಯ ಅಂತ್ಯಸಂಸ್ಕಾರದ ದಿನ ಅಪ್ಪನ ಶವಪೆಟ್ಟಿಗೆಗೆ ಸೆಲ್ಯೂಟ್ ಹೊಡೆದ ಮೂರು ವರ್ಷದ ಪುಟಾಣಿಯ ಫೋಟೋ ನೋಡಿರ್ತೀರಲ್ಲ, ಅದೇ ಹುಡುಗ. ಈಗ ವಯಸ್ಸು 38. ಜೊತೆಯಲ್ಲಿ ಹೆಂಡತಿ ಕ್ಯಾರೊಲಿನ್ ಮತ್ತು ಆಕೆಯ ಅಕ್ಕ ಲಾರೆನ್. ಮಾರ್ಥಾಸ್ ವಿನ್ಯರ್ಡ್ ಅನ್ನೋ ದ್ವೀಪದಲ್ಲಿ ಲಾರೆನ್‌ಳನ್ನು ಇಳಿಸಿ, ಅಲ್ಲಿಂದ ಮುಂದೆ ಕಸಿನ್ ಒಬ್ಬಳ ಮದುವೆಗೆ ಹೋಗಬೇಕಿತ್ತು.

ಒಂದು ಗಂಟೆಯ ಪ್ರಯಾಣ. 9 ಗಂಟೆ 41ರ ಹೊತ್ತಿಗೆ, ದ್ವೀಪ ಇನ್ನೇನು ಏಳೆಂಟು ಮೈಲಿ ಇದೆ ಅನ್ನುವಾಗ, ವಿಮಾನ ಅಟ್ಲಾಂಟಿಕ್ ಸಾಗರಕ್ಕೆ ಬಿತ್ತು. ಐದು ದಿನದ ನಂತರ ಸುಮಾರು 120 ಅಡಿ ಆಳದಲ್ಲಿ ಮೂವರ ಶವಗಳೂ ಸಿಕ್ಕವು.

ಪತ್ರಿಕೆಗಳು ಅವತ್ತು 'ಕೆನಡಿ ಮನೆತನದ ಶಾಪ' ಅಂತ ಬರೆದವು. ಅಪ್ಪ, ಚಿಕ್ಕಪ್ಪ ಇಬ್ಬರೂ ಗುಂಡಿಗೆ ಬಲಿಯಾದ ಮನೆ, ಹಾಗೆ ಬರೆಯೋದು ಸುಲಭ. ಆದರೆ ಮುಂದಿನ ವರ್ಷ ಬಂದ ಎನ್‌ಟಿಎಸ್‌ಬಿ ವರದಿಯಲ್ಲಿ ಶಾಪದ ಸುದ್ದಿಯಿಲ್ಲ. ಅಮೆರಿಕದಲ್ಲಿ ವಿಮಾನ ಅಪಘಾತಗಳ ತನಿಖೆ ಮಾಡೋ ಸರ್ಕಾರಿ ಸಂಸ್ಥೆ ಅದು. ಬೀಳುವ ಮುಂಚೆ ವಿಮಾನದಲ್ಲಿ ದೋಷವಿತ್ತು ಅನ್ನೋದಕ್ಕೆ ಅದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ವರದಿ ಹೇಳಿದ್ದು ಇಷ್ಟು: ರಾತ್ರಿ, ನೀರಿನ ಮೇಲೆ ಇಳಿಯುತ್ತಿದ್ದಾಗ ಪೈಲಟ್ ವಿಮಾನದ ಹತೋಟಿ ಕಳೆದುಕೊಂಡ, ಅದಕ್ಕೆ ಕಾರಣ ಸ್ಪೇಷಿಯಲ್ ಡಿಸ್‌ಓರಿಯಂಟೇಶನ್. ಮಬ್ಬು ಮತ್ತು ಕತ್ತಲೆ ಅದಕ್ಕೆ ಜೊತೆಗೂಡಿದವು.

ಈ ಉದ್ದದ ಇಂಗ್ಲಿಷ್ ಪದಕ್ಕೆ ನಮ್ಮಲ್ಲಿ ಆಗಲೇ ಒಂದು ಪದ ಇದೆ: ದಿಗ್ಭ್ರಮೆ. ನಾವು ಅದನ್ನ ಸವೆಸಿಬಿಟ್ಟಿದ್ದೀವಿ. ಯಾರೋ ರಾಜೀನಾಮೆ ಕೊಟ್ಟರೆ 'ದಿಗ್ಭ್ರಮೆಗೊಂಡ ಕಾರ್ಯಕರ್ತರು' ಅಂತ ಪೇಪರಿನಲ್ಲಿ ಬರುತ್ತೆ, ಶಾಕ್ ಅನ್ನೋ ಅರ್ಥದಲ್ಲಿ. ಒಡೆದು ನೋಡಿ: ದಿಕ್ಕು, ಭ್ರಮೆ. ಭ್ರಮೆ ಅಂದರೆ ಗೊತ್ತಾಗದೆ ಇರೋದಲ್ಲ, ತಪ್ಪನ್ನೇ ಸರಿ ಅಂತ ಖಾತ್ರಿಯಾಗಿ ನಂಬೋದು. ನಮ್ಮೂರು ತೀರ್ಥಹಳ್ಳಿ ಕಡೆ, ಕಾಡಿನಲ್ಲಿ ಒಂದು ಬಳ್ಳಿ ಇದೆ, ಅದನ್ನ ದಾಟಿದವನಿಗೆ ದಿಕ್ಕು ತಪ್ಪಿ ರಾತ್ರಿಯಿಡೀ ಅಲ್ಲಲ್ಲೇ ಸುತ್ತುತ್ತಾನೆ ಅಂತ ಹಿರಿಯರು ಹೇಳೋರು. ಆ ಬಳ್ಳಿಯನ್ನ ನಾನಂತೂ ಕಂಡಿಲ್ಲ. ಆದರೆ ಅದರ ಕೆಲಸ ಮಾಡೋ ಒಂದು ವಸ್ತು ನಿಮ್ಮ ಹತ್ತಿರಾನೂ ಇದೆ, ನನ್ನ ಹತ್ತಿರಾನೂ ಇದೆ. ನಮ್ಮ ಕಿವಿಯೊಳಗೆ.

ಒಳಕಿವಿಯಲ್ಲಿ ಮೂರು ಪುಟ್ಟ ಅರ್ಧಚಂದ್ರಾಕಾರದ ಕೊಳವೆಗಳಿವೆ. ಒಳಗೆ ದ್ರವ. ತಲೆ ಯಾವ ಕಡೆ ತಿರುಗಿತು ಅಂತ ಮೆದುಳಿಗೆ ಹೇಳೋದು ಅವುಗಳ ಕೆಲಸ. ಒಂದು ಪಾತ್ರೆ ತುಂಬ ನೀರು ಹಾಕಿ ಪಾತ್ರೆಯನ್ನ ತಿರುಗಿಸಿ ನೋಡಿ. ಮೊದಲು ಪಾತ್ರೆ ಮಾತ್ರ ತಿರುಗುತ್ತೆ, ನೀರು ನಿಂತಿರುತ್ತೆ. ತಿರುಗಿಸ್ತಾನೇ ಇದ್ದರೆ ನೀರೂ ಅದೇ ವೇಗಕ್ಕೆ ಬರುತ್ತೆ. ಥಟ್ಟನೆ ಪಾತ್ರೆ ನಿಲ್ಲಿಸಿ, ನೀರು ಇನ್ನೂ ಸುತ್ತುತ್ತಾ ಇರುತ್ತೆ. ಕಿವಿ ಅಳೆಯೋದು ಪಾತ್ರೆಗೂ ನೀರಿಗೂ ಇರೋ ಈ ವ್ಯತ್ಯಾಸವನ್ನ. ಹಾಗಾಗಿ ಒಂದೇ ವೇಗದಲ್ಲಿ ಹತ್ತಿಪ್ಪತ್ತು ಸೆಕೆಂಡು ತಿರುಗುತ್ತಿದ್ದರೆ ಕಿವಿ 'ನೆಟ್ಟಗೆ ಹೋಗ್ತಾ ಇದೀವಿ' ಅನ್ನುತ್ತೆ. ತಿರುಗೋದು ನಿಂತಾಗ 'ಈಗ ಉಲ್ಟಾ ತಿರುಗ್ತಾ ಇದೀವಿ' ಅನ್ನುತ್ತೆ. ಮಕ್ಕಳು ಗಿರಗಿರ ಸುತ್ತಿ ನಿಂತಾಗ ಅಂಗಳ ತಿರುಗೋದು ಇದಕ್ಕೇ. ತೀರಾ ನಿಧಾನವಾಗಿ ವಾಲಿದರಂತೂ ಕಿವಿ ಏನನ್ನೂ ಹೇಳೋದೇ ಇಲ್ಲ.

ನೆಲದ ಮೇಲೆ ಇದರಿಂದ ಅಂಥ ತೊಂದರೆಯಿಲ್ಲ, ಯಾಕಂದ್ರೆ ಕಣ್ಣು ತಿದ್ದುತ್ತೆ, ಪಾದದ ಕೆಳಗೆ ಗಟ್ಟಿ ನೆಲ ಇರುತ್ತೆ. ವಿಮಾನದಲ್ಲಿ ಪಾದವೂ ಸೀಟೂ ಸಾಕ್ಷಿಗೆ ಬರೋದಿಲ್ಲ. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುಗಿದಾಗ ನಾವು ಪಕ್ಕದವರ ಮೇಲೆ ಬೀಳ್ತೀವಿ, ಹಾಗಾಗಿ ತಿರುಗಿದ್ದು ಗೊತ್ತಾಗುತ್ತೆ. ವಿಮಾನ ಹಾಗಲ್ಲ. ಅದು ತಿರುಗುವಾಗ ತಾನೂ ಅಷ್ಟೇ ವಾಲುತ್ತೆ, ಭಾರವೆಲ್ಲ ನೇರವಾಗಿ ಸೀಟಿನ ಮೇಲೆಯೇ ಬೀಳುತ್ತೆ. ಬಾಬ್ ಹೂವರ್ ಅನ್ನೋ ಅಮೆರಿಕದ ಹೆಸರಾಂತ ಪೈಲಟ್, ವಿಮಾನವನ್ನ ಪೂರ್ತಿ ಒಂದು ಸುತ್ತು ಉರುಳಿಸುತ್ತಲೇ ಒಂದು ಹನಿ ಚೆಲ್ಲದಂತೆ ಲೋಟಕ್ಕೆ ಟೀ ಸುರಿದು ತೋರಿಸುತ್ತಿದ್ದ. ಲೋಟದ ಟೀಗೆ ಗೊತ್ತಾಗದ್ದು ಹೊಟ್ಟೆಯೊಳಗಿನ ಟೀಗೂ ಗೊತ್ತಾಗಲ್ಲ.

ಉಳಿಯೋದು ಕಣ್ಣೊಂದೇ. ಹಗಲಿನಲ್ಲಿ ದಿಗಂತದ ಗೆರೆ ಕಾಣುತ್ತೆ, ರೆಕ್ಕೆ ಅದಕ್ಕೆ ಸಮನಾಗಿದೆಯೋ ಇಲ್ಲವೋ ಥಟ್ಟಂತ ತಿಳಿಯುತ್ತೆ. ಅಮಾವಾಸ್ಯೆಯಂಥ ಕತ್ತಲಲ್ಲಿ, ಸಮುದ್ರದ ಮೇಲೆ, ಆ ಗೆರೆ ಇರೋದೇ ಇಲ್ಲ. ಮೇಲೂ ಕಪ್ಪು, ಕೆಳಗೂ ಕಪ್ಪು. ಆಗ ಆಗೋದು ಇದು. ವಿಮಾನ ಮೆಲ್ಲಗೆ ಒಂದು ಬದಿಗೆ ವಾಲುತ್ತೆ, ಪೈಲಟ್‌ಗೆ ಗೊತ್ತಾಗೋದಿಲ್ಲ. ವಾಲಿದ ವಿಮಾನ ಸುತ್ತು ಹಾಕತೊಡಗುತ್ತೆ, ಮೂತಿ ಕೆಳಗಿಳಿಯುತ್ತೆ, ವೇಗ ಏರುತ್ತೆ. ಎತ್ತರ ಕಮ್ಮಿಯಾಗ್ತಿರೋದನ್ನ ಮೀಟರಿನಲ್ಲಿ ನೋಡಿದ ಪೈಲಟ್ 'ನೆಟ್ಟಗಿದೀನಿ, ಸುಮ್ನೆ ಇಳೀತಾ ಇದೀನಿ' ಅಂದ್ಕೊಂಡು ಮೂತಿ ಎತ್ತೋಕೆ ಹಿಡಿಕೆ ಎಳೀತಾನೆ. ವಾಲಿರೋ ವಿಮಾನದಲ್ಲಿ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತೆ. ಗಾಣದ ಎತ್ತಿನ ಕಣ್ಣಿಗೆ ಬಟ್ಟೆ ಕಟ್ತಾ ಇದ್ರು, ಅದು ಎಲ್ಲೋ ದೂರ ಹೋಗ್ತಾ ಇದೀನಿ ಅಂತ ನಡೀತಾ ಇರಲಿ ಅಂತ. ಇದೂ ಅದೇ, ಆದರೆ ಪ್ರತಿ ಸುತ್ತಿಗೂ ಗಾಣ ಪಾತಾಳಕ್ಕೆ ಇಳೀತಾ ಹೋಗುತ್ತೆ. ಪೈಲಟ್‌ಗಳು ಇದಕ್ಕೆ ಇಟ್ಟಿರೋ ಹೆಸರು ಗ್ರೇವ್‌ಯಾರ್ಡ್ ಸ್ಪೈರಲ್. ಸ್ಮಶಾನದ ಸುತ್ತು.

ಇಷ್ಟು ಸರಳ ವಿಷಯ ಮನುಷ್ಯನಿಗೆ ಯಾವಾಗ ಗೊತ್ತಾಯಿತು? ನನಗೆ ಇದರಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಅದಾಗಿ ಎರಡು ದಶಕ ಕಳೆದರೂ ಒಳ್ಳೆಯ ಪೈಲಟ್ ಅಂದರೆ ಮೈಯಲ್ಲೇ ವಿಮಾನವನ್ನ ಅರಿಯುವವನು ಅನ್ನೋ ನಂಬಿಕೆ ಗಟ್ಟಿಯಾಗಿತ್ತು. ಸೀಟಿಗೆ ಒತ್ತಿದ ಪ್ಯಾಂಟೇ ಎಲ್ಲವನ್ನೂ ಹೇಳುತ್ತೆ ಅನ್ನೋ ಅರ್ಥದ ಮಾತೇ ಇಂಗ್ಲಿಷಿನಲ್ಲಿ ಹುಟ್ಟಿಕೊಂಡಿತು. ಮೋಡದೊಳಗೆ ಹೋಗಿ ಬಿದ್ದವನಿಗೆ ಕೌಶಲ ಸಾಲದು ಅಂತ ತೀರ್ಮಾನ.

ಇದನ್ನ ಅಲುಗಾಡಿಸಿದವನು ಅಮೆರಿಕದ ಸೇನೆಯ ಪೈಲಟ್ ವಿಲಿಯಂ ಆಕರ್. 1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸ್ಸಿ ಫೀಲ್ಡ್‌ನಲ್ಲಿ ಆತ ಮಾಮೂಲಿ ವೈದ್ಯಕೀಯ ತಪಾಸಣೆಗೆ ಹೋದ. ಸೇನಾ ವೈದ್ಯ ಡೇವಿಡ್ ಮೈಯರ್ಸ್ ಆತನನ್ನ ಬರಾನಿ ಕುರ್ಚಿ ಅನ್ನೋ ತಿರುಗುವ ಕುರ್ಚಿಯಲ್ಲಿ ಕೂರಿಸಿದ. ರಾಬರ್ಟ್ ಬರಾನಿ ಒಳಕಿವಿಯ ಮೇಲಿನ ಕೆಲಸಕ್ಕೆ 1914ರ ನೊಬೆಲ್ ಪಡೆದ ವೈದ್ಯ; ಬಹುಮಾನದ ಸುದ್ದಿ ಬಂದಾಗ ಆತ ರಷ್ಯಾದವರ ಯುದ್ಧಕೈದಿಯಾಗಿದ್ದ. ಸರಿ, ಆಕರ್ ಕಣ್ಣು ಮುಚ್ಚಿಕೊಂಡ. ಕುರ್ಚಿ ತಿರುಗಿತು. ಯಾವ ಕಡೆ ಅಂತ ಕೇಳಿದರು. ಮೊದಲು ಸರಿಯಾಗಿ ಹೇಳಿದ. ವೇಗ ಸಮನಾದಾಗ 'ನಿಂತಿದೆ' ಅಂದ. ಕುರ್ಚಿ ನಿಜವಾಗಿ ನಿಂತಾಗ 'ಉಲ್ಟಾ ತಿರುಗ್ತಿದೆ' ಅಂದ. ಎಷ್ಟೋ ವರ್ಷ ವಿಮಾನ ಹಾರಿಸಿದ್ದ ಮನುಷ್ಯ.

ಬೇರೆಯವರಾಗಿದ್ದರೆ ಡಾಕ್ಟರನ್ನ ಬೈದುಕೊಂಡು ಹೋಗುತ್ತಿದ್ದರೇನೋ. ಆಕರ್ ಒಂದು ಪೆಟ್ಟಿಗೆ ಹಿಡಿದು ವಾಪಸ್ ಬಂದ. ಅದರೊಳಗೆ ಸಣ್ಣ ದೀಪ, ಜೊತೆಗೆ ಸ್ಪೆರಿ ಕಂಪನಿಯ ಟರ್ನ್ ಇಂಡಿಕೇಟರ್. ಅದರ ಹೃದಯದಲ್ಲಿರೋದು ಗೈರೋಸ್ಕೋಪ್, ಅಂದ್ರೆ ನಮ್ಮ ಬುಗುರಿಯ ಅಣ್ಣ. ಜೋರಾಗಿ ಸುತ್ತುವ ಬುಗುರಿ ತನ್ನ ನಿಲುವನ್ನ ಸುಲಭವಾಗಿ ಬಿಟ್ಟುಕೊಡೋದಿಲ್ಲ ಅನ್ನೋ ಗುಣವನ್ನೇ ಬಳಸಿ, ವಿಮಾನ ಯಾವ ಕಡೆ ತಿರುಗ್ತಿದೆ ಅಂತ ಅದು ಮುಳ್ಳಿನಲ್ಲಿ ತೋರಿಸುತ್ತೆ. ಪೆಟ್ಟಿಗೆಯೊಳಗೆ ಕಣ್ಣಿಟ್ಟು ಅದೇ ಕುರ್ಚಿಯಲ್ಲಿ ಕೂತ ಆಕರ್ ಈ ಸಲ ಒಂದೂ ತಪ್ಪು ಹೇಳಲಿಲ್ಲ. ಮೈ ಏನೇ ಹೇಳಲಿ, ಮುಳ್ಳು ತೋರಿಸಿದ್ದನ್ನೇ ಹೇಳಿದ.

ಗಮನಿಸಿ, ಆ ಉಪಕರಣ ಹೊಸದಲ್ಲ. 1918ರಲ್ಲೇ ಆಕರ್ ಅದನ್ನ ಪರೀಕ್ಷಿಸಿದ್ದ. ಹಾರ್ಡ್‌ವೇರ್ ಎಂಟು ವರ್ಷದಿಂದ ರೆಡಿ ಇತ್ತು. ಬೇಕಾಗಿದ್ದದ್ದು ಮೈಗಿಂತ ಮುಳ್ಳನ್ನ ನಂಬಬೇಕು ಅಂತ ಒಪ್ಪಿಕೊಳ್ಳೋ ಮನಸ್ಸು. ಹಕ್ಕಿಗಳಿಗಾದರೂ ಈ ಶಕ್ತಿ ಇರಬಹುದು ಅಂತ ಪಾರಿವಾಳಗಳ ಕಣ್ಣಿಗೆ ಬಟ್ಟೆ ಕಟ್ಟಿ ವಿಮಾನದಿಂದ ಬಿಟ್ಟೂ ನೋಡಿದರು. ಅವು ಹಾರಲಿಲ್ಲ, ರೆಕ್ಕೆ ಅಗಲಿಸಿಕೊಂಡು ಸುಮ್ಮನೆ ಕೆಳಗಿಳಿದವು. ಗೊತ್ತಿಲ್ಲ ಅನ್ನೋದು ಪಾರಿವಾಳಕ್ಕೆ ಗೊತ್ತಿತ್ತು.

1929ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್ ಬಳಿಯ ಮಿಚೆಲ್ ಫೀಲ್ಡ್‌ನಲ್ಲಿ ಜಿಮ್ಮಿ ಡೂಲಿಟಲ್, ತನ್ನ ಕಾಕ್‌ಪಿಟ್ಟನ್ನ ಪೂರ್ತಿ ಮುಚ್ಚಿಸಿಕೊಂಡು, ಹೊರಗೆ ಒಂದಿಷ್ಟೂ ನೋಡದೆ ವಿಮಾನ ಏರಿಸಿ, ಸುತ್ತು ಹಾಕಿ, ಇಳಿಸಿದ. ಹದಿನೈದು ನಿಮಿಷದ ಹಾರಾಟ. ಏನಾದರೂ ಎಡವಟ್ಟಾದರೆ ಅಂತ ಇನ್ನೊಂದು ಸೀಟಿನಲ್ಲಿ ಬೆನ್ ಕೆಲ್ಸಿ ಕೂತಿದ್ದ, ಆತ ಕೈ ಹಾಕಬೇಕಾಗಲಿಲ್ಲ. ಪ್ಯಾನೆಲ್ಲಿನಲ್ಲಿ ಸ್ಪೆರಿಯ ಕೃತಕ ದಿಗಂತ ಇತ್ತು. ಹೊರಗೆ ಕಾಣದ ಗೆರೆಯನ್ನ ಒಳಗೆ ಬರೆದು ತೋರಿಸೋ ಗಡಿಯಾರದಂಥ ಡಬ್ಬಿ. ಇವತ್ತು ನೀವು ರಾತ್ರಿ ದಿಲ್ಲಿ ಫ್ಲೈಟಿನಲ್ಲಿ ನಿಶ್ಚಿಂತೆಯಿಂದ ಗೊರಕೆ ಹೊಡೆಯೋದಕ್ಕೆ ಆ ಹದಿನೈದು ನಿಮಿಷ ಕಾರಣ.

ಕಥೆ ಇಲ್ಲಿಗೆ ಮುಗೀಬೇಕಿತ್ತು. ಏರ್‌ಲೈನ್ ಪೈಲಟ್‌ಗಳ ಮಟ್ಟಿಗೆ ಬಹುಪಾಲು ಮುಗೀತು ಕೂಡ, ಅವರಿಗೆ ಮೀಟರು ನೋಡಿಯೇ ಹಾರಿಸುವ ತರಬೇತಿ ಕಡ್ಡಾಯವಾಯಿತು. ಆದರೆ ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಡಾಕ್ಟರು, ಲಾಯರು, ವ್ಯಾಪಾರಿಗಳು ಸ್ವಂತ ವಿಮಾನ ಕೊಳ್ಳತೊಡಗಿದರು. ವೀಕೆಂಡ್ ಪೈಲಟ್‌ಗಳು.  ಇವರಿಗೆ ಮೀಟರು ನಂಬಿ ಹಾರಿಸೋ ಅಭ್ಯಾಸ ಇರಲಿಲ್ಲ.

1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಮೀಟರು ನೋಡಿ ಹಾರಿಸುವ ತರಬೇತಿ ಇಲ್ಲದ 20 ಜನರನ್ನ ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನದಲ್ಲಿ ಕೂರಿಸಿ, ಹೊರಗೇನೂ ಕಾಣದ ಹಾಗೆ ಮಾಡಿದರು. ಪಕ್ಕದಲ್ಲಿ ಪರಿಣತ ಪೈಲಟ್ ಇದ್ದ, ಹಾಗಾಗಿ ಜೀವಕ್ಕೆ ಅಪಾಯವಿಲ್ಲ. ಇಪ್ಪತ್ತಕ್ಕೆ ಇಪ್ಪತ್ತು ಜನವೂ ಹತೋಟಿ ಕಳೆದುಕೊಂಡರು. ಒಬ್ಬ 20 ಸೆಕೆಂಡಿಗೇ, ಇನ್ನೊಬ್ಬ 480 ಸೆಕೆಂಡಿಗೆ. ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ, ಒಂದು ಮ್ಯಾಗಿ ಬೇಯೋದಕ್ಕೂ ಸಾಲದು. ಸಮಾಧಾನದ ಸಂಗತಿಯೂ ಇದೆ. ಅದೇ ಜನಕ್ಕೆ ಕೆಲವೇ ಗಂಟೆ ತರಬೇತಿ ಕೊಟ್ಟ ಮೇಲೆ, ಮೀಟರು ನೋಡಿಕೊಂಡು ವಿಮಾನವನ್ನ ಬಂದ ದಾರಿಗೇ ತಿರುಗಿಸೋದನ್ನ ಬಹುತೇಕ ಎಲ್ಲರೂ ಕಲಿತರು. ಪ್ರಯೋಗದ ಉದ್ದೇಶವೂ ಅಷ್ಟೇ ಆಗಿತ್ತು: ಮುಂದೆ ನುಗ್ಗೋದಕ್ಕಲ್ಲ, ಹಿಂದಕ್ಕೆ ಬರೋದಕ್ಕೆ ಕಲಿಸೋದು.

ಐದು ವರ್ಷದ ನಂತರ, 1959ರ ಫೆಬ್ರವರಿ 3ರ ನಡುರಾತ್ರಿ ಕಳೆದು ಒಂದು ಗಂಟೆ ಹೊತ್ತಿಗೆ, ಅಯೋವಾ ರಾಜ್ಯದಲ್ಲಿ ಇನ್ನೊಂದು ಬೊನಾಂಜಾ ಮೇಲೇರಿತು. ಹಿಮ ಬೀಳುತ್ತಿತ್ತು, ಕೆಳಗೆ ದೀಪವೇ ಇಲ್ಲದ ಹೊಲಗಳು. ಒಳಗೆ ರಾಕ್ ಅಂಡ್ ರೋಲ್ ಹಾಡುಗಾರರಾದ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಜೆ.ಪಿ. ರಿಚರ್ಡ್‌ಸನ್. ಬಾಡಿಗೆ ವಿಮಾನ ನಡೆಸುತ್ತಿದ್ದ ರೋಜರ್ ಪೀಟರ್ಸನ್‌ಗೆ 21 ವರ್ಷ. 700 ಗಂಟೆಗೂ ಹೆಚ್ಚು ಹಾರಿಸಿದ್ದ ಹುಡುಗ, ಆದರೆ ಮೀಟರು ನೋಡಿ ಹಾರಿಸುವ ಅರ್ಹತೆ ಇರಲಿಲ್ಲ. ಹಿಂದಿನ ವರ್ಷ ಆ ಪರೀಕ್ಷೆಯಲ್ಲಿ ಫೇಲಾಗಿದ್ದ. ಸಾಲದ್ದಕ್ಕೆ ಆ ವಿಮಾನದಲ್ಲಿದ್ದ ಸ್ಪೆರಿ ಗೈರೋ ಹಳೇ ಮಾದರಿಯದು. ಮೂತಿ ಮೇಲೋ ಕೆಳಗೋ ಅನ್ನೋದನ್ನ, ಆತ ಕಲಿತ ಮೀಟರಿಗೆ ಸರಿಯಾಗಿ ಉಲ್ಟಾ ತೋರಿಸುವಂಥದ್ದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಮರ್ಜೆನ್ಸಿ ಹೊತ್ತಿನಲ್ಲಿ ಕೈಗೆ ಸಿಕ್ಕ ಯೂಸರ್ ಇಂಟರ್‌ಫೇಸೇ ಬೇರೆ. ಏರ್‌ಪೋರ್ಟಿನಿಂದ ಆರು ಮೈಲಿ ದಾಟುವಷ್ಟರಲ್ಲಿ ನಾಲ್ವರೂ ಇಲ್ಲವಾದರು. ರಿಚಿ ವ್ಯಾಲೆನ್ಸ್‌ಗೆ ಆಗ ಬರೀ 17.

ಈಗ ಮತ್ತೆ 1999ಕ್ಕೆ ಬನ್ನಿ. ಆಕರ್‌ನ ಪೆಟ್ಟಿಗೆಗೆ 73 ವರ್ಷ ಆಗಿದೆ. ಕೆನಡಿಯ ಬಳಿ ಎಲ್ಲವೂ ಇತ್ತು. ಕೃತಕ ದಿಗಂತ ಇತ್ತು, ಆಟೋಪೈಲಟ್ ಇತ್ತು, ಹಣ ಇತ್ತು. ಸುಮಾರು 310 ಗಂಟೆ ಹಾರಿಸಿದ್ದ, ಅದರಲ್ಲಿ 55 ಗಂಟೆ ರಾತ್ರಿ. ಈ ದಾರಿಯಲ್ಲೇ ಹಿಂದಿನ 15 ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಓಡಾಡಿದ್ದ. ಆದರೆ ಈ ಹೊಸ ವಿಮಾನವನ್ನ ಬೋಧಕ ಪಕ್ಕದಲ್ಲಿಲ್ಲದೆ ರಾತ್ರಿ ನಡೆಸಿದ್ದು ಒಂದು ಗಂಟೆಗೂ ಕಮ್ಮಿ. ಮೀಟರು ನೋಡಿ ಹಾರಿಸುವ ಕೋರ್ಸು ಅರ್ಧಕ್ಕೆ ನಿಂತಿತ್ತು. ಅವತ್ತು ಬೋಧಕನೊಬ್ಬ ನಾನೂ ಬರ್ತೀನಿ ಅಂದಾಗ, ಒಬ್ಬನೇ ಮಾಡಬೇಕು ಅಂದನಂತೆ.

ಕನೆಕ್ಟಿಕಟ್ ದಂಡೆಯುದ್ದಕ್ಕೂ 5,500 ಅಡಿಯಲ್ಲಿ ಹಾರುವಾಗ ಕೆಳಗೆ ಊರುಗಳ ದೀಪ ಇತ್ತು. ರೋಡ್ ಐಲೆಂಡ್ ದಾಟಿದ ಮೇಲೆ ದಂಡೆ ಬಿಟ್ಟು ನೇರ ಸಮುದ್ರದ ಮೇಲೆ ತಿರುಗಬೇಕು, ದ್ವೀಪಕ್ಕೆ ಸುಮಾರು 30 ಮೈಲಿ ಬರೀ ನೀರು. ಅವತ್ತು ಅದೇ ಸುತ್ತಮುತ್ತ ಹಾರುತ್ತಿದ್ದ ಬೇರೊಬ್ಬ ಪೈಲಟ್ ತನಿಖೆಯವರ ಮುಂದೆ ಹೇಳಿದ್ದು ಕೇಳಿ: ದಿಗಂತವೂ ಇಲ್ಲ, ದೀಪವೂ ಇಲ್ಲ, ದ್ವೀಪದಲ್ಲಿ ಕರೆಂಟ್ ಹೋಗಿದೆಯೇನೋ ಅಂದ್ಕೊಂಡೆ ಅಂತ. ಕರೆಂಟ್ ಇತ್ತು. ಮಬ್ಬು ಅದನ್ನ ನುಂಗಿತ್ತು.

ರೇಡಾರಿನ ಕೊನೆಯ ನಿಮಿಷಗಳು ಓದೋಕೆ ಕಷ್ಟ. 2,200 ಅಡಿಗೆ ಇಳಿಯುತ್ತೆ, ಮತ್ತೆ 2,600ಕ್ಕೆ ಏರುತ್ತೆ, ಎಡಕ್ಕೆ ತಿರುಗುತ್ತೆ, ಆಮೇಲೆ ಬಲಕ್ಕೆ. ಬಲಕ್ಕೆ ವಾಲಿದ್ದು ವಾಲುತ್ತಲೇ ಹೋಗುತ್ತೆ. ಕೊನೆಗೆ ನಿಮಿಷಕ್ಕೆ 4,700 ಅಡಿಗೂ ಹೆಚ್ಚಿನ ವೇಗದಲ್ಲಿ ಕೆಳಕ್ಕೆ. ಸ್ಮಶಾನದ ಸುತ್ತಿನ ಪಾಠದಲ್ಲಿ ಬರೆದಿರೋ ಹಾಗೇ.

ಇದರಲ್ಲಿ ಕಾನೂನು ಮುರಿದಿದ್ದು ಏನಾದರೂ ಇತ್ತಾ? ಇಲ್ಲ. ವರದಿಯಾದ ಹವಾಮಾನ ನಿಯಮದ ಒಳಗೇ ಇತ್ತು. ಅಮೆರಿಕದಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ಗಂಟೆ ಹಾರಾಟ ಸಾಕು. ಅದರಲ್ಲಿ ಮೂರು ಗಂಟೆ ರಾತ್ರಿಯ ತರಬೇತಿ, ಮೂರು ಗಂಟೆ ಮೀಟರು ನೋಡಿ ಹಾರಿಸುವ ತರಬೇತಿ. ಆಮೇಲೆ ರಾತ್ರಿ ಕಣ್ಣಳತೆಯಲ್ಲೇ ಹಾರಿಸಬಹುದು. ನಮ್ಮ ದೇಶದ ನಿಯಮ ಬಿಗಿ. ಸೂರ್ಯ ಮುಳುಗಿದ ಮೇಲೆ ಕಣ್ಣಳತೆಯ ಹಾರಾಟಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ, ಏರ್ ಟ್ರಾಫಿಕ್ ಕಂಟ್ರೋಲ್ ಬಿಟ್ಟ ಸ್ಥಳೀಯ ಹಾರಾಟ, ಫ್ಲೈಯಿಂಗ್ ಕ್ಲಬ್ಬುಗಳ ತರಬೇತಿ ಇಂಥವಕ್ಕೆ ಮಾತ್ರ ವಿನಾಯಿತಿ.

ಹಾಗಂತ ಮೀಟರನ್ನ ಕಣ್ಣು ಮುಚ್ಚಿ ನಂಬಿ ಅಂತಲೂ ಅಲ್ಲ. 1978ರ ಜನವರಿ 1ರ ರಾತ್ರಿ ಬಾಂಬೆಯಿಂದ ದುಬೈಗೆ ಹೊರಟ ಏರ್ ಇಂಡಿಯಾದ 'ಎಂಪರರ್ ಅಶೋಕ' ಜಂಬೋ, ಮೇಲೇರಿ ಎರಡು ನಿಮಿಷ ಆಗೋದರೊಳಗೆ ಬಾಂದ್ರಾದ ಎದುರಿನ ಸಮುದ್ರಕ್ಕೆ ಬಿತ್ತು. 213 ಜನ. ಕ್ಯಾಪ್ಟನ್‌ಗೆ ಸುಮಾರು 18,000 ಗಂಟೆಯ ಅನುಭವ. ಅವರ ಕಡೆಯ ಕೃತಕ ದಿಗಂತ ಕೆಟ್ಟು, ವಿಮಾನ ಬಲಕ್ಕೆ ವಾಲಿದೆ ಅಂತ ತೋರಿಸುತ್ತಲೇ ಇತ್ತು. ಅವರು ಎಡಕ್ಕೆ, ಇನ್ನೂ ಎಡಕ್ಕೆ ತಿರುಗಿಸಿದರು. ಕಿಟಕಿಯಾಚೆ ಕಪ್ಪು ಅರಬ್ಬೀ ಸಮುದ್ರ, ಮೀಟರು ಸುಳ್ಳು ಅಂತ ಹೇಳೋಕೆ ಒಂದು ಗೆರೆಯೂ ಇಲ್ಲ. ಪಕ್ಕದ ಕೋ-ಪೈಲಟ್ ಮುಂದೆ ಬೇರೆಯೇ ಒಂದು ಮೀಟರು ಇತ್ತು. ಅದಕ್ಕೇ ಪೈಲಟ್‌ಗಳಿಗೆ ಕಲಿಸೋದು ಒಂದು ಮೀಟರನ್ನ ನಂಬೋದನ್ನಲ್ಲ, ಒಂದರ ಮಾತನ್ನ ಇನ್ನೆರಡರ ಜೊತೆ ತಾಳೆ ನೋಡೋದನ್ನ. ಸರ್ವರ್ ರೂಮಿನಲ್ಲಿ ಕೆಲಸ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರಿನಲ್ಲೇ, ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ, ವಾಯುಸೇನೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. ಗಗನಯಾನಕ್ಕೆ ಪೈಲಟ್‌ಗಳನ್ನ ಆರಿಸುವ ವೈದ್ಯಕೀಯ ಪರೀಕ್ಷೆಗಳು ನಡೆದದ್ದು ಅಲ್ಲೇ. ಯುದ್ಧವಿಮಾನದ ಪೈಲಟ್‌ಗಳಿಗೆ ಈ ದಿಗ್ಭ್ರಮೆಯನ್ನ ಸಿಮ್ಯುಲೇಟರಿನಲ್ಲಿ ಬೇಕಂತಲೇ ಬರಿಸಿ ತೋರಿಸ್ತಾರೆ. ಯಾಕಂದ್ರೆ ಬರೀ ಓದಿದರೆ ಯಾರೂ ನಂಬೋದಿಲ್ಲ. 'ನಂಗಾಗಲ್ಲ ಬಿಡಿ' ಅನ್ನೋದು ಮನುಷ್ಯನ ಡೀಫಾಲ್ಟ್ ಸೆಟ್ಟಿಂಗ್.

ನಾನು ಇದನ್ನೆಲ್ಲ ಓದೋಕೆ ಶುರು ಮಾಡಿದ್ದು ಅಮೆರಿಕದಲ್ಲಿರೋ ಗೆಳೆಯನೊಬ್ಬನಿಂದ. ನಮ್ಮ ಹಾಗೇ ಕೋಡ್ ಬರೆಯೋನು, ವೀಕೆಂಡಿನಲ್ಲಿ ಪೈಲಟ್ ಲೈಸೆನ್ಸ್ ತಗೊಂಡಿದ್ದಾನೆ. ಅಂಥ ಕನ್ನಡದ ಹುಡುಗ ಹುಡುಗಿಯರು ನಿಮಗೂ ಗೊತ್ತಿರಬಹುದು. 'ಬಾರೋ, ರಾತ್ರಿ ಕರೆದುಕೊಂಡು ಹೋಗ್ತೀನಿ, ಸಿಟಿ ಲೈಟ್ಸ್ ಮೇಲಿಂದ ಸಖತ್ತಾಗಿರುತ್ತೆ' ಅಂದ. ನಾನು ಮೂರು ಪ್ರಶ್ನೆ ಕೇಳಿದೆ. ಮೀಟರು ನೋಡಿ ಹಾರಿಸುವ ರೇಟಿಂಗ್ ಇದೆಯಾ? ದಾರಿಯಲ್ಲಿ ನೀರಾಗಲಿ ದೀಪವಿಲ್ಲದ ಬೆಟ್ಟವಾಗಲಿ ಇದೆಯಾ? ಮಬ್ಬು ಕವಿದರೆ ವಾಪಸ್ ಬರೋದು ಅಂತ ಹೊರಡೋಕೆ ಮುಂಚೆನೇ ನಿರ್ಧಾರ ಮಾಡಿರ್ತೀಯಾ, ಇಲ್ಲಾ ಅಲ್ಲಿ ಹೋದ ಮೇಲೆ ನೋಡೋಣ ಅಂತೀಯಾ?

ಸ್ವಲ್ಪ ಹೊತ್ತು ಸುಮ್ಮನಿದ್ದ. ಮೊದಲನೆಯದಕ್ಕೆ ಉತ್ತರ 'ಇನ್ನೂ ಇಲ್ಲ.' ಬೇಜಾರು ಮಾಡಿಕೊಳ್ಳಲಿಲ್ಲ, ಒಳ್ಳೆ ಪೈಲಟ್ ಆಗ್ತಾನೆ ಅನ್ನೋಕೆ ನನಗೆ ಅಷ್ಟು ಸಾಕು. ಹಾಗಾದ್ರೆ ಬೆಳಿಗ್ಗೆ ಏಳು ಗಂಟೆಗೆ ಹೋಗೋಣ, ಗಾಳಿಯೂ ಕಮ್ಮಿ ಇರುತ್ತೆ ಅಂದ. ದೀಪ ಇರಲ್ಲ ಅಷ್ಟೇ, ಊರೇ ಕಾಣುತ್ತೆ.